ಕಾರಿನ ಏರ್‌ಬ್ಯಾಗ್

ಕಾರು ಜೋರಾಗಿ ಡಿಕ್ಕಿ ಹೊಡೆದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಉಬ್ಬಿ, ಒಳಗಿರುವವರ ತಲೆ ಮತ್ತು ಎದೆ ಸ್ಟೀರಿಂಗ್‌ಗೋ ಡ್ಯಾಶ್‌ಬೋರ್ಡ್‌ಗೋ ಅಪ್ಪಳಿಸದಂತೆ ತಡೆಯುವ ನೈಲಾನ್ ಚೀಲ. ಹೆಸರಿನಲ್ಲಿ ಗಾಳಿಯಿದ್ದರೂ ಹೆಚ್ಚಿನ ಕಾರುಗಳಲ್ಲಿ ಇದನ್ನು ಉಬ್ಬಿಸುವುದು ಮದ್ದು ಉರಿದು ಹೊರಡುವ ಅನಿಲ, ಮುಖ್ಯವಾಗಿ ನೈಟ್ರೋಜನ್. ಮೆತ್ತಗಿನ ದಿಂಬೊಂದು ಮುಂದೆ ಬಂದು ಕೂರುತ್ತದೆ ಎಂಬ ಕಲ್ಪನೆ ನಮ್ಮಲ್ಲಿ ಬಹಳ ಮಂದಿಗಿದೆ. ಆ ಕಲ್ಪನೆಯಿಂದಲೇ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ, ಬೆಲ್ಟ್ ಬಿಡುತ್ತಾರೆ. ಚೀಲ ತನ್ನ ಗೂಡಿನಿಂದ ಹೊರಬೀಳುವ ವೇಗ ಗಂಟೆಗೆ ಸುಮಾರು 300 ಕಿ.ಮೀ. ಮುಟ್ಟಬಹುದು. ಅದು ಪೂರ್ತಿ ಉಬ್ಬಿದ ಮೇಲೆ ನಾವು ಅದಕ್ಕೆ ತಾಗಬೇಕೇ ಹೊರತು ಉಬ್ಬುತ್ತಿರುವಾಗ ಅದು ನಮಗೆ ತಾಗಬಾರದು. ಏರ್‌ಬ್ಯಾಗ್ ಬಗ್ಗೆ ಹೇಳುವ ಎಚ್ಚರಿಕೆಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಇದಕ್ಕೆ ಪೇಟೆಂಟ್ ಪಡೆದ ಮೊದಲಿಗರು ಜರ್ಮನಿಯ ವಾಲ್ಟರ್ ಲಿಂಡೆರೆರ್ ಮತ್ತು ಅಮೆರಿಕದ ಜಾನ್ ಹೆಟ್ರಿಕ್. ಇಬ್ಬರಿಗೂ ಅದು ಸಿಕ್ಕಿದ್ದು 1953ರಲ್ಲಿ. ಹೆಟ್ರಿಕ್ 1952ರಲ್ಲಿ ಹೆಂಡತಿ, ಮಗಳೊಂದಿಗೆ ಪೆನ್ಸಿಲ್ವೇನಿಯಾದಲ್ಲಿ ಹೋಗುತ್ತಿದ್ದಾಗ ದಾರಿಯಲ್ಲಿ ಬಂಡೆ ಕಂಡು ಕಾರನ್ನು ಥಟ್ಟನೆ ಪಕ್ಕದ ಚರಂಡಿಗೆ ಹೊರಳಿಸಿದರು. ಆ ಕ್ಷಣದಲ್ಲಿ ಗಂಡ ಹೆಂಡತಿ ಇಬ್ಬರ ಕೈಗಳೂ ತಾವಾಗಿಯೇ ಮಗಳಿಗೆ ಅಡ್ಡ ಹೋದವು. ಆ ಕೈಗಳ ಕೆಲಸವನ್ನು ಮಾಡುವ ವಸ್ತು ಬೇಕು ಎಂದು ಅವರಿಗೆ ಅನ್ನಿಸಿತು. ನೌಕಾಪಡೆಯಲ್ಲಿದ್ದಾಗ ಟಾರ್ಪಿಡೊ ಒಂದರ ಒತ್ತಿಟ್ಟ ಗಾಳಿ ಅಚಾನಕ್ಕಾಗಿ ಬಿಟ್ಟುಕೊಂಡು, ಅದರ ಮೇಲಿನ ಕ್ಯಾನ್ವಾಸ್ ಚಾವಣಿಯವರೆಗೆ ಹಾರಿದ್ದನ್ನು ಅವರು ಕಂಡಿದ್ದರು. ಈ ಎರಡು ನೆನಪು ಕೂಡಿ ಒಂದು ನಕ್ಷೆಯಾಯಿತು. ಆದರೆ ಒತ್ತಿಟ್ಟ ಗಾಳಿ ಬೇಕಾದಷ್ಟು ಬೇಗ ಚೀಲವನ್ನು ತುಂಬಲಾರದು, ಡಿಕ್ಕಿಯನ್ನು ಗುರುತಿಸುವ ಸಾಧನವೂ ಆಗ ಸರಿಯಾಗಿ ಇರಲಿಲ್ಲ. ಏರ್‌ಬ್ಯಾಗ್ ಬಳಕೆಗೆ ಬರುವ ಹೊತ್ತಿಗೆ ಹೆಟ್ರಿಕ್‌ರ ಪೇಟೆಂಟಿನ ಅವಧಿಯೇ ಮುಗಿದಿತ್ತು.

ಗುರುತಿಸುವ ಸಾಧನ ಕೊಟ್ಟವರಲ್ಲಿ ಮುಖ್ಯರು ಅಮೆರಿಕದ ಅಲೆನ್ ಬ್ರೀಡ್. 1960ರ ದಶಕದ ಕೊನೆಯಲ್ಲಿ ಅವರು ರೂಪಿಸಿದ ಸೆನ್ಸರ್ ಬಹಳ ಸರಳ: ಕೊಳವೆಯೊಳಗೆ ಉಕ್ಕಿನ ಗುಂಡು, ಅದನ್ನು ಹಿಡಿದಿಟ್ಟ ಅಯಸ್ಕಾಂತ. ಡಿಕ್ಕಿಯ ರಭಸಕ್ಕೆ ಗುಂಡು ಅಯಸ್ಕಾಂತದಿಂದ ಬಿಡಿಸಿಕೊಂಡು ಮುಂದೋಡಿ ವಿದ್ಯುತ್ ಸಂಪರ್ಕ ಕೂಡಿಸುತ್ತಿತ್ತು. ಜನರಲ್ ಮೋಟಾರ್ಸ್ 1970ರ ದಶಕದ ನಡುವೆ ಏರ್‌ಬ್ಯಾಗ್ ಇರುವ ಕಾರುಗಳನ್ನು ಮಾರಿತು. ಆ ಕಾಲದ ಅಮೆರಿಕದಲ್ಲಿ ಇದನ್ನು ಸೀಟ್ ಬೆಲ್ಟಿಗೆ ಬದಲಿ ಎಂದು ಕಂಡವರು ಹೆಚ್ಚು. 1980ರ ದಶಕದ ಆರಂಭದಲ್ಲಿ ಮರ್ಸಿಡಿಸ್ ಬೆಂಜ್ ತನ್ನ ಎಸ್-ಕ್ಲಾಸ್ ಕಾರಿನಲ್ಲಿ ಬೆಲ್ಟನ್ನೂ ಚೀಲವನ್ನೂ ಜೋಡಿಯಾಗಿ ಕೆಲಸಕ್ಕೆ ಹಚ್ಚಿತು. ಇಂದು ಡ್ಯಾಶ್‌ಬೋರ್ಡಿನ ಮೇಲೆ ಕಾಣುವ ‘ಎಸ್‌ಆರ್‌ಎಸ್’ ಎಂಬ ಮೂರಕ್ಷರದ ಮೊದಲ ಪದಕ್ಕೆ ‘ಪೂರಕ’ ಎಂದೇ ಅರ್ಥ. ಅಮೆರಿಕದ ರಸ್ತೆ ಸುರಕ್ಷತಾ ಆಡಳಿತದ ಅಂದಾಜಿನಂತೆ 1987ರಿಂದ 2017ರವರೆಗೆ ಅಲ್ಲಿ ಮುಂಭಾಗದ ಏರ್‌ಬ್ಯಾಗ್‌ಗಳು 50,457 ಜೀವ ಉಳಿಸಿವೆ.

ಡಿಕ್ಕಿಯ ಒಂದೊಂದು ಕ್ಷಣವನ್ನೂ ಬಿಡಿಸಿ ನೋಡಿದರೆ ಇದರ ಕೆಲಸ ಸ್ಪಷ್ಟವಾಗುತ್ತದೆ. ಕಾರು ನಿಂತರೂ ಒಳಗಿನವರ ದೇಹ ಮೊದಲಿನ ವೇಗದಲ್ಲೇ ಮುಂದಕ್ಕೆ ಹೋಗುತ್ತಿರುತ್ತದೆ. ಕಾರಿನ ಮೂತಿಯ ಬಳಿ ಇರುವ ಸೆನ್ಸರ್‌ಗಳೂ, ಗೇರ್ ಲಿವರ್‌ನ ಆಸುಪಾಸಿನಲ್ಲಿ ನೆಲಕ್ಕೆ ಬಿಗಿದ ನಿಯಂತ್ರಣ ಪೆಟ್ಟಿಗೆಯೂ ವೇಗ ಎಷ್ಟು ಬೇಗ ಇಳಿಯುತ್ತಿದೆ ಎಂದು ಅಳೆಯುತ್ತವೆ. ಹದಿನೈದು ಇಪ್ಪತ್ತು ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ, ತೀರ್ಮಾನ ಆಗುತ್ತದೆ. ಮೊದಲು ಬೆಲ್ಟಿನ ಸಡಿಲ ಭಾಗವನ್ನು ಒಳಗೆಳೆಯುವ ಪುಟ್ಟ ಮದ್ದು ಸಿಡಿದು ದೇಹವನ್ನು ಸೀಟಿಗೆ ಬಿಗಿಯುತ್ತದೆ. ಹೆಚ್ಚು ಕಡಿಮೆ ಅದೇ ಕ್ಷಣಕ್ಕೆ ಸ್ಟೀರಿಂಗಿನ ನಡುವಿನ ಇನ್‌ಫ್ಲೇಟರ್‌ಗೆ, ಅಂದರೆ ಮದ್ದು ತುಂಬಿದ ಲೋಹದ ಡಬ್ಬಿಗೆ, ವಿದ್ಯುತ್ ಹರಿಯುತ್ತದೆ. ಸ್ಟೀರಿಂಗಿನ ಮುಚ್ಚಳದ ಒಳಬದಿಯಲ್ಲಿ, ಹೊರಗಿನಿಂದ ಕಾಣದಂತೆ, ತೆಳುವಾದ ಗೆರೆಗಳಿರುತ್ತವೆ. ಮುಚ್ಚಳ ಆ ಗೆರೆಗುಂಟ ಹರಿದು ಬಾಗಿಲಿನಂತೆ ತೆರೆಯುತ್ತದೆ. ಮಡಿಸಿಟ್ಟ ಚೀಲ ಮೂವತ್ತು ನಲವತ್ತು ಮಿಲಿಸೆಕೆಂಡಿನಲ್ಲಿ ತುಂಬಿಕೊಳ್ಳುತ್ತದೆ. ಮುಖ ಅದಕ್ಕೆ ತಾಗುವ ಹೊತ್ತಿಗೆ ಚೀಲದ ಹಿಂಭಾಗದ ತೂತುಗಳಿಂದ ಅನಿಲ ಹೊರಹೋಗುತ್ತಿರಬೇಕು, ಇಲ್ಲದಿದ್ದರೆ ಅದು ಬಿಗಿದ ಚೆಂಡಿನಂತೆ ತಲೆಯನ್ನು ಹಿಂದಕ್ಕೆ ಎಸೆಯುತ್ತದೆ. ಸೆಕೆಂಡು ಕಳೆಯುವುದರೊಳಗೆ ಎಲ್ಲ ಮುಗಿದು, ಸ್ಟೀರಿಂಗಿನಿಂದ ಬಾಡಿದ ಚೀಲ ಜೋತಾಡುತ್ತಿರುತ್ತದೆ. ಕಾರಿನೊಳಗೆ ಪಟಾಕಿ ಸುಟ್ಟ ವಾಸನೆ, ಬಿಳಿ ಪುಡಿ. ಹೊಗೆ ಕಂಡು ಬೆಂಕಿ ಹತ್ತಿತೆಂದು ಗಾಬರಿಯಾಗುವವರಿದ್ದಾರೆ. ಸಾಮಾನ್ಯವಾಗಿ ಅದು ಮದ್ದಿನ ಹೊಗೆ ಮತ್ತು ಚೀಲ ಅಂಟಿಕೊಳ್ಳದಿರಲು ಹಾಕಿದ ಪುಡಿ. ಆದರೂ ಅಸ್ತಮಾ ಇರುವವರಿಗೆ ಉಸಿರು ಕಟ್ಟಬಹುದು, ಸಾಧ್ಯವಾದರೆ ಬೇಗ ಹೊರಬರಬೇಕು.

ಪಕ್ಕದ ಡಿಕ್ಕಿಯಲ್ಲಿ ಇಷ್ಟು ಸಮಯವೂ ಸಿಗುವುದಿಲ್ಲ, ನಡುವೆ ಇರುವುದು ಒಂದು ಬಾಗಿಲಿನ ದಪ್ಪ ಮಾತ್ರ. ಸೀಟಿನ ಅಂಚಿನಲ್ಲಿರುವ ಚೀಲ ಅದಕ್ಕಾಗಿ ಇನ್ನೂ ಬೇಗ ತೆರೆದುಕೊಳ್ಳುತ್ತದೆ. ಕಿಟಕಿಯ ಮೇಲಿನಿಂದ ಇಳಿಯುವ ಪರದೆ ಚೀಲ ಮಾತ್ರ ಕೆಲವು ಸೆಕೆಂಡು ಉಬ್ಬಿಕೊಂಡೇ ಇರಬೇಕು, ಕಾರು ಪಲ್ಟಿಯಾಗಿ ಉರುಳಲು ಅಷ್ಟು ಹೊತ್ತು ಹಿಡಿಯುತ್ತದೆ.

ಮೊದಲ ತಲೆಮಾರಿನ ಚೀಲಗಳಿಗೆ ಸೋಡಿಯಂ ಅಜೈಡ್ ಎಂಬ ವಿಷಕಾರಿ ಲವಣವನ್ನು ಬಳಸುತ್ತಿದ್ದರು. ಕಾದರೆ ಅದು ಸೋಡಿಯಂ ಮತ್ತು ನೈಟ್ರೋಜನ್ ಆಗಿ ಒಡೆಯುತ್ತದೆ. ಆಮೇಲೆ ಬೇರೆ ರಾಸಾಯನಿಕಗಳು ಬಂದವು. ಜಪಾನಿನ ಟಕಾಟಾ ಕಂಪನಿ ಅಮೋನಿಯಂ ನೈಟ್ರೇಟನ್ನು ಆರಿಸಿಕೊಂಡಿತು. ಸೆಕೆಯ, ತೇವದ ಹವೆಯಲ್ಲಿ ವರ್ಷಗಟ್ಟಲೆ ಇದ್ದ ಆ ಮದ್ದು ಕೆಟ್ಟು, ಉರಿಯುವಾಗ ಅಳತೆ ಮೀರಿ ಸಿಡಿದು, ಲೋಹದ ಡಬ್ಬಿಯೇ ಚೂರಾಗಿ ಚಾಲಕರ ಕುತ್ತಿಗೆ, ಮುಖಕ್ಕೆ ನಾಟಿತು. ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರ್‌ಗಳನ್ನು ವಾಪಸು ಕರೆಯಬೇಕಾಯಿತು, 2017ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಭಾರತದಲ್ಲೂ ಹಲವು ಮಾದರಿಗಳು ಈ ಪಟ್ಟಿಗೆ ಸೇರಿದ್ದವು. ಹಳೆಯ ಕಾರು ಇಟ್ಟುಕೊಂಡವರು ಚಾಸಿ ನಂಬರ್ ಕೊಟ್ಟು ತಯಾರಕರ ಬಳಿ ವಿಚಾರಿಸುವುದು ಒಳ್ಳೆಯದು. ಬದಲಿ ಭಾಗಕ್ಕೆ ಹಣ ಕೇಳುವುದಿಲ್ಲ.

ಸರಿಯಾಗಿರುವ ಏರ್‌ಬ್ಯಾಗೂ ಕೊಲ್ಲಬಲ್ಲದು. ಅಮೆರಿಕದಲ್ಲಿ 1990ರಿಂದ 2008ರ ನಡುವೆ, ಹೆಚ್ಚು ವೇಗವಿಲ್ಲದ ಡಿಕ್ಕಿಗಳಲ್ಲಿ ಚೀಲದ ಹೊಡೆತಕ್ಕೇ ಸತ್ತವರು 290ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನ ಬೆಲ್ಟ್ ಹಾಕಿರಲಿಲ್ಲ ಅಥವಾ ಸರಿಯಾಗಿ ಹಾಕಿರಲಿಲ್ಲ. ಮಕ್ಕಳೂ ಶಿಶುಗಳೂ ಬಹಳ. 2024ರಲ್ಲಿ ಕೇರಳದಲ್ಲಿ ಮುಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲಿದ್ದ ಎರಡು ವರ್ಷದ ಮಗು ಏರ್‌ಬ್ಯಾಗಿನ ಒತ್ತಡಕ್ಕೆ ಪ್ರಾಣ ಬಿಟ್ಟಿತು. ತೊಡೆಯ ಮೇಲಿನ ಮಗುವಿನ ತಲೆ ಡ್ಯಾಶ್‌ಬೋರ್ಡಿಗೆ ತಾಯಿಯ ತಲೆಗಿಂತ ಎಷ್ಟು ಹತ್ತಿರ ಇರುತ್ತದೆ ಎಂಬುದನ್ನು ಗಮನಿಸಬೇಕು. ಹದಿಮೂರು ವರ್ಷದೊಳಗಿನವರ ಜಾಗ ಹಿಂದಿನ ಸೀಟು. ಮಗುವಿನ ಮುಖ ಹಿಂದಕ್ಕಿರುವ ಶಿಶು ಸೀಟನ್ನು ಚಾಲೂ ಇರುವ ಏರ್‌ಬ್ಯಾಗಿನ ಎದುರು ಎಂದೂ ಕಟ್ಟಬಾರದು. ಚೀಲ ನೇರವಾಗಿ ಆ ಸೀಟಿನ ಬೆನ್ನಿಗೆ, ಅಂದರೆ ಮಗುವಿನ ತಲೆಯ ಹಿಂದಕ್ಕೆ ಬಡಿಯುತ್ತದೆ.

ದೊಡ್ಡವರು ಎದೆಮೂಳೆಗೂ ಸ್ಟೀರಿಂಗಿನ ನಡುವಿಗೂ ಕನಿಷ್ಠ 25 ಸೆಂ.ಮೀ. ಬಿಡಬೇಕು. ಬೆರಳು ಅಗಲಿಸಿದ ಒಂದು ಗೇಣು ಸಾಲದು, ಅದಕ್ಕೂ ಸ್ವಲ್ಪ ಜಾಸ್ತಿ ಬೇಕು. ಕುಳ್ಳಗಿರುವವರು ಪೆಡಲ್ ಎಟುಕಲೆಂದು ಮುಂದೆ ಸರಿದು ಕೂರುತ್ತಾರೆ. ಅವರು ಸೀಟನ್ನು ಆದಷ್ಟು ಹಿಂದೆ ತಳ್ಳಿ, ಬೆನ್ನಿನ ಭಾಗವನ್ನು ತುಸು ಹಿಂದಕ್ಕೆ ವಾಲಿಸಿ, ಸ್ಟೀರಿಂಗ್ ಮುಖದ ಕಡೆಗಲ್ಲದೆ ಎದೆಯ ಕಡೆಗೆ ತಿರುಗುವಂತೆ ಇಳಿಸಿಕೊಳ್ಳಬೇಕು. ಕೈಗಳು ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿದ್ದರೆ ಚೀಲದ ದಾರಿಗೆ ಅಡ್ಡ ಬರುವುದಿಲ್ಲ. ಪಕ್ಕದಲ್ಲಿರುವವರು ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚುವುದು ಬೇಡ. ಗರ್ಭಿಣಿಯರು ಬೆಲ್ಟಿನ ಕೆಳಪಟ್ಟಿಯನ್ನು ಹೊಟ್ಟೆಯ ಕೆಳಗೆ, ಸೊಂಟದ ಮೂಳೆಯ ಮೇಲೆ ಹಾಕಿಕೊಂಡು ಸ್ಟೀರಿಂಗಿನಿಂದ ದೂರ ಕೂರಬೇಕು.

ನಮ್ಮ ಕಾರುಗಳಲ್ಲಿ ಇನ್ನೊಂದು ವಾಡಿಕೆ ಇದೆ. ಹೊಸ ಕಾರಿನ ಪೂಜೆಯಾದ ದಿನವೇ ಡ್ಯಾಶ್‌ಬೋರ್ಡಿನ ಎಡಭಾಗದಲ್ಲಿ ಲೋಹದ ಗಣಪನನ್ನು ಅಂಟಿಸುವವರಿದ್ದಾರೆ, ಹಲವು ಕಾರುಗಳಲ್ಲಿ ಚೀಲ ತೆರೆಯುವ ಮುಚ್ಚಳದ ಮೇಲೆಯೇ. ಡಿಕ್ಕಿಯಾದರೆ ಆ ವಿಗ್ರಹ ಎದುರಿಗಿದ್ದವರ ಮುಖಕ್ಕೆ ಹಾರುತ್ತದೆ. ಭಕ್ತಿಗೆ ಏನೂ ಕೊರತೆಯಾಗದಂತೆ, ಚೀಲದ ದಾರಿಗೆ ಬಾರದ ಕಡೆ ಚಿಕ್ಕ ಚಿತ್ರವೊಂದನ್ನು ಅಂಟಿಸಿಕೊಳ್ಳಬಹುದು. ಸೀಟಿಗೆ ಬಿಗಿಯಾದ ಕವರ್ ಹೊಲಿಸುವಾಗ ಪಕ್ಕದ ಏರ್‌ಬ್ಯಾಗಿನ ಜಾಗ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ಬಂಪರ್‌ಗೆ ಹಾಕಿಸುವ ಕಬ್ಬಿಣದ ಗಾರ್ಡ್ ಡಿಕ್ಕಿಯ ಬಲ ಹರಡುವ ರೀತಿಯನ್ನೇ ಬದಲಿಸಿ ಸೆನ್ಸರಿನ ಲೆಕ್ಕ ತಪ್ಪಿಸಬಹುದು. ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಅದರ ಮೇಲೆ ಕ್ರಮಕ್ಕೆ ರಾಜ್ಯಗಳಿಗೆ ಬರೆದಿದೆ. ಬೆಲ್ಟಿನ ಬೀಪ್ ನಿಲ್ಲಿಸಲು ಬಕಲ್‌ಗೆ ಸಿಕ್ಕಿಸುವ ಕ್ಲಿಪ್ಪುಗಳನ್ನು ಮಾರಾಟದಿಂದ ತೆಗೆಯುವಂತೆ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಆನ್‌ಲೈನ್ ಅಂಗಡಿಗಳಿಗೆ ಆದೇಶಿಸಿತು. ಕ್ಲಿಪ್ ಹಾಕಿದ ಕಾರು ಬೆಲ್ಟ್ ಹಾಕಿದೆ ಎಂದೇ ನಂಬಿ ಚೀಲದ ಲೆಕ್ಕ ಹಾಕಬಹುದು.

ಭಾರತದಲ್ಲಿ ಚಾಲಕರ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಿಂದ. ಪಕ್ಕದ ಸೀಟಿನದು ಹೊಸ ಮಾದರಿಗಳಿಗೆ 2021ರ ಏಪ್ರಿಲ್‌ನಿಂದ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ ಅದೇ ವರ್ಷದ ಕೊನೆಗೆ ಬಂತು. ಆರು ಚೀಲಗಳನ್ನು ಕಡ್ಡಾಯ ಮಾಡುವ 2022ರ ಕರಡು ಮುಂದೂಡಿಕೆಯಾಗಿ, 2023ರಲ್ಲಿ ಕೈಬಿಡಲಾಯಿತು. ಅದೇ ವರ್ಷ ಆರಂಭವಾದ ಭಾರತ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯ ನಕ್ಷತ್ರಗಳನ್ನು ನೋಡಿ ಕಾರು ಕೊಳ್ಳುವವರು ಈಗ ಹೆಚ್ಚುತ್ತಿದ್ದಾರೆ.

ಹಂಪ್ ಹಾರಿದರೆ, ಗುಂಡಿಗೆ ಬಿದ್ದರೆ ಚೀಲ ತೆರೆದುಕೊಳ್ಳುತ್ತದೆಯೇ ಎಂದು ಕೇಳುವವರುಂಟು. ಆ ಕುಲುಕಾಟವನ್ನು ಡಿಕ್ಕಿಯಿಂದ ಬೇರ್ಪಡಿಸುವಂತೆಯೇ ನಿಯಂತ್ರಣ ಪೆಟ್ಟಿಗೆಯನ್ನು ರೂಪಿಸಿರುತ್ತಾರೆ. ಹಿಂದಿನಿಂದ ಗುದ್ದಿದಾಗಲೂ ಮುಂದಿನ ಚೀಲ ಸಾಮಾನ್ಯವಾಗಿ ತೆರೆಯುವುದಿಲ್ಲ, ಅದು ದೋಷವಲ್ಲ. ನಿಜವಾಗಿ ಭಯಪಡಬೇಕಾದ್ದು ನೀರಿಗೆ. ಮಳೆನೀರಿನಲ್ಲಿ ಮುಳುಗಿದ ಕಾರಿನ ನೆಲಮಟ್ಟದ ಪೆಟ್ಟಿಗೆಗೂ ವೈರುಗಳಿಗೂ ತುಕ್ಕು ಹಿಡಿಯುತ್ತದೆ. ಒಮ್ಮೆ ಸಿಡಿದ ಚೀಲವನ್ನು ಮತ್ತೆ ಮಡಿಸಿಡಲಾಗದು. ಚೀಲ, ಬಿಗಿದ ಬೆಲ್ಟು, ಪೆಟ್ಟಿಗೆ ಎಲ್ಲವನ್ನೂ ತಯಾರಕರ ಸೂಚನೆಯಂತೆ ಬದಲಿಸಬೇಕು. ಈ ಖರ್ಚು ಉಳಿಸಲು ಖಾಲಿ ಗೂಡಿನ ಮೇಲೆ ಹೊಸ ಮುಚ್ಚಳ ಕೂರಿಸಿ ಕಾರು ಮಾರುವವರೂ ಇದ್ದಾರೆ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಕೀ ತಿರುಗಿಸಿ, ಇಂಜಿನ್ ಶುರು ಮಾಡುವ ಮೊದಲು ಮೀಟರಿನ ಕಡೆ ನೋಡಬೇಕು. ಕೂತ ಮನುಷ್ಯನೂ ಎದುರಿಗೆ ಚೆಂಡಿನಂಥ ವೃತ್ತವೂ ಇರುವ ದೀಪ ಹೊತ್ತಿ, ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದೇ ಉರಿದರೆ ವ್ಯವಸ್ಥೆಯಲ್ಲಿ ದೋಷವಿದೆ. ಹೊತ್ತಲೇ ಇಲ್ಲವೆಂದರೆ ಯಾರೋ ದೀಪದ ಬಾಯಿಯನ್ನೇ ಮುಚ್ಚಿಸಿರಬಹುದು. ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸದೆ ಅಂಥ ಕಾರಿಗೆ ಮುಂಗಡ ಕೊಡಬಾರದು.