ನ್ಯಾಚೆಜ್ ನಗರದ ಕ್ಷೌರಿಕನ ಮನೆ

ಅರಸರ ಕೋಟೆಯೂ ದೇವರ ಗುಡಿಯೂ ಉಳಿದಷ್ಟು ಕಾಲ ಸಾಮಾನ್ಯ ಸಂಸಾರಿಯ ಮನೆ ಉಳಿಯುವುದಿಲ್ಲ. ಕೋಲಾರದಲ್ಲಿ ಕೋಲಾರಮ್ಮನ ಗುಡಿಯಿದೆ, ಸೋಮೇಶ್ವರನ ಗುಡಿಯಿದೆ, ಹೈದರಾಲಿಯ ತಂದೆಯ ಗೋರಿಯಿದೆ. ಮುಳಬಾಗಿಲ ಸೀಮೆಯ ಆವನಿ, ಕುರುಡುಮಲೆಗಳಲ್ಲಿ ಕಲ್ಲಿನ ದೇಗುಲಗಳಿವೆ. ಆದರೆ ಆ ಗುಡಿಗಳಿಗೆ ಕಲ್ಲು ಹೊತ್ತವನ ಮನೆ ಎಲ್ಲಿತ್ತು, ಆ ಊರಿನ ಕ್ಷೌರಿಕ ಯಾವ ಜಗಲಿಯ ಮೇಲೆ ಕುಳಿತು ಕೆಲಸ ಮಾಡುತ್ತಿದ್ದ ಎಂದು ಯಾರಾದರೂ ಕೇಳಿದರೆ ತೋರಿಸುವುದಕ್ಕೆ ಏನೂ ಇಲ್ಲ. ಮಣ್ಣಿನ ಗೋಡೆ ಮಣ್ಣಿಗೆ ಸೇರಿಹೋಯಿತು. ಆದುದರಿಂದಲೇ, ಅಮೆರಿಕದ ಮಿಸಿಸಿಪಿ ರಾಜ್ಯದ ನ್ಯಾಚೆಜ್ ನಗರದಲ್ಲಿ ಒಬ್ಬ ಕ್ಷೌರಿಕನ ಮನೆಯನ್ನು ಆ ದೇಶದ ಸರ್ಕಾರವೇ ಕಾಪಾಡುತ್ತಿದೆ ಎಂಬ ಸಂಗತಿ ನಮ್ಮ ಗಮನಕ್ಕೆ ಯೋಗ್ಯವಾಗಿದೆ.

ನ್ಯಾಚೆಜ್ ಮಿಸಿಸಿಪಿ ಮಹಾನದಿಯ ದಡದ ಮೇಲಿನ ಊರು. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಹತ್ತಿಯ ಬೆಳೆಯಿಂದ ಅದಕ್ಕೆ ಅಪಾರವಾದ ಐಶ್ವರ್ಯ ಬಂದಿತು. ಆ ಹತ್ತಿಯನ್ನು ಬಿತ್ತಿ ಬಿಡಿಸಿದವರು ಆಫ್ರಿಕದಿಂದ ತಂದ ಗುಲಾಮರು ಮತ್ತು ಅವರ ಸಂತಾನದವರು. 1809ರಲ್ಲಿ ಏಮಿ ಎಂಬ ದಾಸಿಯ ಹೊಟ್ಟೆಯಲ್ಲಿ ವಿಲಿಯಂ ಜಾನ್ಸನ್ ಹುಟ್ಟಿದ. ತಾಯಿ ದಾಸಿಯಾದರೆ ಮಗುವೂ ದಾಸ; ಅದು ಅಲ್ಲಿಯ ಕಟ್ಟಳೆ. ಒಡೆಯನ ಹೆಸರೂ ವಿಲಿಯಂ ಜಾನ್ಸನ್ ಎಂದೇ. ಬಾಲಕನ ತಂದೆ ಅವನೇ ಇರಬೇಕೆಂದು ಚರಿತ್ರಕಾರರ ಎಣಿಕೆ. ಆತ 1814ರಲ್ಲಿ ಏಮಿಯನ್ನು ಬಿಡುಗಡೆ ಮಾಡಿದ. ಮಗನ ಬಿಡುಗಡೆಗೆ ರಾಜ್ಯದ ಶಾಸನಸಭೆಗೆ ಬಿನ್ನಹ ಮಾಡಿಕೊಂಡ. 1820ರಲ್ಲಿ ಸಭೆ ಒಪ್ಪಿತು. ಹನ್ನೊಂದು ವರ್ಷದ ಒಬ್ಬ ಹುಡುಗ ಯಾರ ಸೊತ್ತೂ ಆಗದೆ ಬದುಕುವುದಕ್ಕೆ ಶಾಸನಸಭೆಯೇ ಕೂಡಬೇಕಾಯಿತು!

ಹುಡುಗ ತನ್ನ ಭಾವ ಜೇಮ್ಸ್ ಮಿಲ್ಲರನ ಬಳಿ ಕ್ಷೌರದ ಕೆಲಸ ಕಲಿತ. 1830ರಲ್ಲಿ ಆ ಅಂಗಡಿಯನ್ನೇ 300 ಡಾಲರಿಗೆ ಕೊಂಡುಕೊಂಡ. ಕಾಲಕ್ರಮದಲ್ಲಿ ಇನ್ನೂ ಅಂಗಡಿಗಳಾದುವು, ಒಂದು ಸ್ನಾನಗೃಹವಾಯಿತು. ಗಿರಾಕಿಗಳೆಲ್ಲ ಹೆಚ್ಚಾಗಿ ಬಿಳಿಯರು. ಊರಿನ ಸುದ್ದಿಯೆಲ್ಲ ಕ್ಷೌರದಂಗಡಿಗೆ ಬಂದು ಸೇರುವುದು ನಮ್ಮ ಕಡೆಯಲ್ಲಿಯೂ ಉಂಟಷ್ಟೆ. ಜಾನ್ಸನ್ ಅದನ್ನು ಕೇಳಿ ಸುಮ್ಮನಿರಲಿಲ್ಲ. 1835ರಿಂದ 1851ರವರೆಗೆ, ಹದಿನಾರು ವರ್ಷ, ದಿನಚರಿ ಬರೆದ. ಯಾರು ಯಾರೊಡನೆ ಕಾದಾಡಿದರು, ಕುದುರೆಯ ಪಂದ್ಯದಲ್ಲಿ ಯಾರು ಗೆದ್ದರು, ತನ್ನಿಂದ ಸಾಲ ಪಡೆದವರು ಯಾರು, ಊರಿನಲ್ಲಿ ಸತ್ತವರು ಯಾರು, ಎಲ್ಲವೂ ಅದರಲ್ಲಿದೆ.

1835ರಲ್ಲಿ ಆನ್ ಬ್ಯಾಟಲ್ಸ್ ಎಂಬಾಕೆಯನ್ನು ಮದುವೆಯಾದ. ಆಕೆಯೂ ದಾಸ್ಯದಿಂದ ಬಿಡುಗಡೆಯಾದವಳು. 1840ರ ಮೇ ತಿಂಗಳಲ್ಲಿ ಭಯಂಕರವಾದ ಸುಂಟರಗಾಳಿಯೊಂದು ನ್ಯಾಚೆಜ್ ಊರನ್ನು ಹೊಡೆದು ಕೆಡವಿತು. ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಬಿದ್ದ ಕಟ್ಟಡಗಳ ಇಟ್ಟಿಗೆಯನ್ನು ಆಯ್ದು ತಂದು ಜಾನ್ಸನ್ ತನ್ನ ಮನೆ ಕಟ್ಟಿಸಿದ. ಅದು 1841ರಲ್ಲಿ ಮುಗಿಯಿತು. ಇಟ್ಟಿಗೆಯ ಬೆಲೆ ಏನೆಂಬುದನ್ನು ಮಾಲೂರಿನವರಿಗೆ ಹೇಳಬೇಕಾಗಿಲ್ಲ. ಕೆಳಗಿನ ಅಂತಸ್ತನ್ನು ವ್ಯಾಪಾರಿಗಳಿಗೆ ಬಾಡಿಗೆಗೆ ಕೊಟ್ಟು, ಮೇಲಿನ ಅಂತಸ್ತಿನಲ್ಲಿ ಸಂಸಾರ ಹೂಡಿದ.

ಗೋಡೆ ಗಟ್ಟಿಯಾಗಿತ್ತು, ಒಳಗಿದ್ದವರ ಸ್ವಾತಂತ್ರ್ಯ ಹಾಗಿರಲಿಲ್ಲ. ಅದೇ 1841ರಲ್ಲಿ ಬಿಡುಗಡೆ ಹೊಂದಿದ ಕರಿಯರ ಮೇಲೆ ಊರಿನವರ ಕಣ್ಣು ಬಿತ್ತು. ಸನ್ನಡತೆಯವನೆಂದು ಬಿಳಿಯರು ರುಜು ಹಾಕಿಕೊಟ್ಟು ಪರವಾನೆ ಪಡೆದವನು ಮಾತ್ರ ಉಳಿಯಬಹುದು. ಇಲ್ಲದವನು ರಾಜ್ಯ ಬಿಟ್ಟು ಹೋಗಬೇಕು. ಜಾನ್ಸನ್ ಉಳಿದುಕೊಂಡ. ತನ್ನವರು ಪಟ್ಟ ಭಯವನ್ನು ದಿನಚರಿಯಲ್ಲಿ ಬರೆದಿಟ್ಟ.

ಇಲ್ಲಿ ಇನ್ನೊಂದು ಮಾತನ್ನು ಮರೆಸಬಾರದು. ಈ ಜಾನ್ಸನ್ ತಾನೂ ಗುಲಾಮರನ್ನು ಇಟ್ಟುಕೊಂಡಿದ್ದ. ಅವರಲ್ಲಿ ಸ್ಟೀವನ್ ಎಂಬ ಒಬ್ಬನಿಗೆ ಕುಡಿತದ ಚಟವಿತ್ತು. 1844ರ ಹೊಸ ವರ್ಷದ ಹೊತ್ತಿಗೆ ಅವನನ್ನು ಮಾರಿಬಿಟ್ಟ. ಮಾರಿದ ದಿನ ಅತ್ತೆನೆಂದು ಬರೆದುಕೊಂಡ. ಕಣ್ಣೀರು ನಿಜವಿರಬಹುದು, ಮಾರಾಟವೂ ನಿಜ. ದಾಸ್ಯವೆಂಬುದು ಕೇವಲ ಕೆಟ್ಟವರ ಕೆಲಸವಾಗಿದ್ದರೆ ಅದನ್ನು ಕಿತ್ತೊಗೆಯುವುದು ಸುಲಭವಾಗುತ್ತಿತ್ತು. ಅದರ ಕಹಿಯನ್ನು ಉಂಡವನೇ ಅದರ ಲಾಭವನ್ನೂ ಉಂಡ.

ಅವನ ಅಂತ್ಯ ಬಂದದ್ದು ಬದುವಿನ ಜಗಳದಿಂದ. ಊರ ಹೊರಗಿನ ಜಮೀನಿನ ಎಲ್ಲೆಯ ವಿಷಯದಲ್ಲಿ ಬೇಲರ್ ವಿನ್ ಎಂಬ ನೆರೆಯವನೊಡನೆ ವ್ಯಾಜ್ಯವಿತ್ತು. 1851ರ ಜೂನ್ ತಿಂಗಳಲ್ಲಿ ಜಾನ್ಸನ್ ಹೊಲದಿಂದ ಹಿಂದಿರುಗುವಾಗ ಹೊಂಚಿನಿಂದ ಗುಂಡು ಬಿದ್ದಿತು. ಸಾಯುವ ಮೊದಲು ವಿನ್ನನ ಹೆಸರನ್ನು ಅವನೇ ಹೇಳಿದ. ಆದರೆ ಜೊತೆಯಲ್ಲಿದ್ದು ಕಂಡವರು ಕರಿಯರು. ಬಿಳಿಯನ ಮೇಲೆ ಕರಿಯರ ಸಾಕ್ಷ್ಯ ಆ ರಾಜ್ಯದ ನ್ಯಾಯಸ್ಥಾನದಲ್ಲಿ ಸಲ್ಲುತ್ತಿರಲಿಲ್ಲ. ವಿನ್ ಕರಿಯರೊಡನೆ ಎಣಿಸಲ್ಪಡುತ್ತಿದ್ದವನು; ಈಗ ತನ್ನಲ್ಲಿ ಆಫ್ರಿಕದ ರಕ್ತವಿಲ್ಲ, ತಾನು ಬಿಳಿಯರ ಮತ್ತು ಅಮೆರಿಕದ ಮೂಲನಿವಾಸಿಗಳ ಸಂತಾನ ಎಂದು ವಾದಿಸಿದ. ಕೊಲೆಯ ವಿಚಾರಣೆ ಜಾತಿಯ ವಿಚಾರಣೆಯಾಗಿ ಹೋಯಿತು. ಸುಮಾರು ಎರಡು ವರ್ಷದ ಮೇಲೆ ವಿನ್ ಬಿಡುಗಡೆಯಾದ. ಮನೆ, ಅಂಗಡಿ, ಹೊಲ, ಬಿಡುಗಡೆಯ ಪತ್ರ, ಎಲ್ಲವೂ ಜಾನ್ಸನ್ನನಿಗಿದ್ದುವು. ಅವನ ಕಡೆಯವರ ಮಾತಿಗೆ ಮಾತ್ರ ಬೆಲೆಯಿರಲಿಲ್ಲ.

ಆನ್ ಧೈರ್ಯಗುಂದದೆ ಮಕ್ಕಳನ್ನು ಸಾಕಿದಳು. 1865ರಲ್ಲಿ ಗುಲಾಮಗಿರಿ ಆ ದೇಶದಲ್ಲೆಲ್ಲ ರದ್ದಾಯಿತು. ಅದನ್ನು ಕಂಡು ಮರುವರ್ಷ ತೀರಿಕೊಂಡಳು. ಮನೆ ವಂಶದವರ ಕೈಯಲ್ಲಿಯೇ ಉಳಿಯಿತು. ಅವರು ಜೋಪಾನ ಮಾಡಿದ್ದ ದಿನಚರಿ 1938ರಲ್ಲಿ ವಿದ್ವಾಂಸರ ಕಣ್ಣಿಗೆ ಬಿದ್ದು 1951ರಲ್ಲಿ ಅಚ್ಚಾಯಿತು. 1976ರಲ್ಲಿ ಮನೆಯನ್ನು ಸಂರಕ್ಷಣ ಸಂಘವೊಂದಕ್ಕೆ ಮಾರಿದರು. 1990ರಲ್ಲಿ ಅದು ರಾಷ್ಟ್ರೀಯ ಉದ್ಯಾನ ಇಲಾಖೆಗೆ ಸೇರಿತು. ಇಂದು ಯಾರು ಬೇಕಾದರೂ ಹೋಗಿ ನೋಡಬಹುದು.

ಇದು ದೂರದ ದೇಶದ ಕಥೆ ಎಂದು ನಾವು ನೆಮ್ಮದಿಯಾಗಿರುವಂತಿಲ್ಲ. ‘ತೊತ್ತು’ ಎಂಬುದು ನಮ್ಮ ಹಳಗನ್ನಡದ ಮಾತು; ವಸ್ತುವಿಲ್ಲದೆ ಮಾತು ಹುಟ್ಟುವುದಿಲ್ಲ. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ತಂದ ಗುಲಾಮರ ಸಂತಾನದವರಾದ ಸಿದ್ದಿಗಳು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ಇಂದಿಗೂ ಬಾಳುತ್ತಿದ್ದಾರೆ. ಅಪ್ಪ ಮಾಡಿದ ಸಾಲಕ್ಕೆ ಮಗನು ಧಣಿಯ ಮನೆಯಲ್ಲಿ ದುಡಿಯುವ ಜೀತ ಕಾನೂನಿನಿಂದ ಕೊನೆಗೊಂಡುದು 1976ರಲ್ಲಿ. ಜೀತ ತೀರಿಸಿಕೊಂಡು ಹೊರಬಂದವರು ಕಟ್ಟಿಕೊಂಡ ಮೊದಲ ಗುಡಿಸಲು ಯಾವುದು, ಅದರಲ್ಲಿ ಅವರು ಏನು ಮಾತಾಡಿಕೊಂಡರು ಎಂಬುದನ್ನು ಬರೆದಿಟ್ಟವರು ಎಷ್ಟು ಮಂದಿ? ನಮ್ಮ ಶಾಲೆಗಳ ಮಕ್ಕಳು ಶಾಸನಗಳನ್ನು ಓದಲಿ. ಜೊತೆಗೆ ತಮ್ಮ ಊರಿನ ಹಿರಿಯರ ಬಳಿ ಕುಳಿತು ಅವರ ಬಾಳಿನ ಕಥೆಯನ್ನು ಕೇಳಿ ಒಂದು ಪುಸ್ತಕದಲ್ಲಿ ಬರೆದುಕೊಳ್ಳಲಿ. ಗೋಡೆ ಬಿದ್ದಮೇಲೆ ಕಟ್ಟಿಸಬಹುದು. ಹಿರಿಯರು ಹೋದಮೇಲೆ ಅವರ ಮಾತನ್ನು ತರಲಾಗುವುದಿಲ್ಲ.