ಯಾದಗಿರಿ ಸೀಮೆಗೆ ಬಂದ ಅಗ್ಗದ ಕ್ಯಾಮೆರಾ

ಸಾಮಾನ್ಯ ಕುಟುಂಬವೊಂದು ತನ್ನದೇ ಕ್ಯಾಮೆರಾ ಕೊಳ್ಳುವುದು ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಹೆಚ್ಚುಕಡಿಮೆ ಇಪ್ಪತ್ತೊಂದನೆಯ ಶತಮಾನದ ಸಂಗತಿ. ಅದಕ್ಕೂ ಮುಂಚೆ ಬಹುಕಾಲ ಕ್ಯಾಮೆರಾ ಇಲ್ಲಿಗೆ ಬಂದದ್ದು ಬೇರೆಯವರ ಕೈಯಲ್ಲಿ: ಸಾಹೇಬರ ಕೈಯಲ್ಲಿ, ದರಬಾರಿನವರ ಕೈಯಲ್ಲಿ, ಆಮೇಲೆ ಸ್ಟುಡಿಯೋದವರ ಕೈಯಲ್ಲಿ. ಯಾವ ಕ್ಯಾಮೆರಾ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಪರೀಕ್ಷಿಸಿ ಹೇಳುವ ಹಕ್ಕೂ ಅವರದೇ ಆಗಿತ್ತು. ಆ ಹಕ್ಕು ಜನರ ಕೈಗೆ ದಾಟಿದ್ದು ಅಗ್ಗದ ಡಿಜಿಟಲ್ ಕ್ಯಾಮೆರಾದಿಂದ.

1840ರ ದಶಕದ ಆರಂಭದಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್, ರಾಜನಕೋಳೂರು ಮುಂತಾದ ಕಡೆಯ ಪ್ರಾಚೀನ ಕಲ್ಲುಗೋರಿಗಳನ್ನು ಗುರುತಿಸಿ, ಚಿತ್ರ ಬರೆದು, ವಿವರ ಪ್ರಕಟಿಸಿದರು. ಸುರಪುರದ ಬೆಟ್ಟದ ಮೇಲೆ ಅವರು ಕಟ್ಟಿಸಿದ ಟೇಲರ್ ಮಂಜಿಲ್ ಈಗಲೂ ಇದೆ. ಅದೇ ಟೇಲರ್ ಹೆಸರು ಕರ್ನಾಟಕದ ಫೋಟೋಗ್ರಫಿಯ ಚರಿತ್ರೆಯಲ್ಲೂ ಬರುತ್ತದೆ. 1866ರಲ್ಲಿ ಲಂಡನ್ನಿನಲ್ಲಿ ಎರಡು ದೊಡ್ಡ ಚಿತ್ರಗ್ರಂಥಗಳು ಅಚ್ಚಾದವು, ಒಂದು ಬಿಜಾಪುರದ ಕಟ್ಟಡಗಳನ್ನು ಕುರಿತದ್ದು, ಇನ್ನೊಂದು ಧಾರವಾಡ ಮತ್ತು ಮೈಸೂರು ಪ್ರಾಂತಗಳದ್ದು. ಫೋಟೋ ಹಿಡಿದವರು ಡಾ. ಪಿಗೌ, ನೀಲ್, ಕರ್ನಲ್ ಬಿಗ್ಸ್ ಮೊದಲಾದವರು; ಚರಿತ್ರೆ ಬರೆದವರು ಟೇಲರ್. ಅದಕ್ಕೆ ಹತ್ತು ವರ್ಷ ಮೊದಲೇ, 1855-56ರಲ್ಲಿ, ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯನ್ನು ಸೆರೆಹಿಡಿದಿದ್ದರು. ಪೆಟ್ಟಿಗೆಯಂಥ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ರಾಸಾಯನಿಕದ ಬಾಟಲಿಗಳು, ಇವನ್ನು ಹೊರಲು ಆಳುಗಳು. ಇಷ್ಟು ಸರಂಜಾಮು ಸರಕಾರದ ಇಲ್ಲವೇ ಸಿರಿವಂತರ ಹಣದಿಂದಲೇ ಸಾಗಬೇಕಿತ್ತು.

1857-58ರ ಬಂಡಾಯದ ನಂತರ ಸುರಪುರ ನಿಜಾಮರ ವಶಕ್ಕೆ ಹೋಯಿತು. ಯಾದಗಿರಿಯಂತೂ ಮೊದಲಿನಿಂದಲೇ ಆ ರಾಜ್ಯದಲ್ಲಿತ್ತು. 1871ರಲ್ಲಿ ಮುಂಬಯಿ ಕಡೆಯ ರೈಲುಹಳಿ ಮತ್ತು ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದ ಮೇಲೆ ಯಾದಗಿರಿ ಮುಖ್ಯ ಮಾರ್ಗದ ನಿಲ್ದಾಣವಾಯಿತು. ಹೈದರಾಬಾದಿನಲ್ಲಿ ರಾಜಾ ದೀನ್ ದಯಾಳ್ ನಿಜಾಮರ ಆಸ್ಥಾನದ ಫೋಟೋಗ್ರಾಫರ್ ಆಗಿ ಹೆಸರು ಮಾಡಿದ್ದು 1880ರ ದಶಕದಿಂದ ಈಚೆಗೆ. ಅವರ ಚಿತ್ರಗಳಲ್ಲಿ ಅರಮನೆ, ಬೇಟೆ, ಮೆರವಣಿಗೆ ತುಂಬಿಕೊಂಡಿವೆ. ಅದೇ ರಾಜ್ಯದ ಎರೆಹೊಲದ ರೈತನ ಮುಖ ಆ ಸಾಲಿನಲ್ಲಿ ಸಿಗುವುದು ಅಪರೂಪ, ಏಕೆಂದರೆ ಚಿತ್ರಕ್ಕೆ ಹಣ ಕೊಡುವವನು ಅವನಾಗಿರಲಿಲ್ಲ.

ಬೆಲೆ ಇಳಿದ ಕಥೆ ಮೊದಲು ಹೊರದೇಶದಲ್ಲಿ ನಡೆಯಿತು. 1900ರಲ್ಲಿ ಕೊಡಕ್ ಕಂಪನಿ ಒಂದು ಡಾಲರಿಗೆ ಬ್ರೌನಿ ಎಂಬ ಡಬ್ಬಿ ಕ್ಯಾಮೆರಾ ಮಾರಿತು. ಭಾರತದಲ್ಲಿ ಅಂಥ ಸ್ಥಾನ ಪಡೆದದ್ದು ಆಗ್ಫಾ ಕ್ಲಿಕ್ ತ್ರೀ. ಬರೋಡಾದಲ್ಲಿ ತಯಾರಾಗುತ್ತಿದ್ದ ಈ ಕ್ಯಾಮೆರಾಕ್ಕೆ 120 ನಂಬರಿನ ರೀಲು ಹಾಕಿದರೆ ಹನ್ನೆರಡು ಚೌಕದ ಫೋಟೋ ಬರುತ್ತಿದ್ದವು. ಷಟರಿಗೆ ಒಂದೇ ವೇಗ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು. ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 1967ರಿಂದ ಇಂದು ಎಂಬ ಹೆಸರಿನ ಕಪ್ಪುಬಿಳುಪು ಫಿಲ್ಮು, ಕಾಗದ ತಯಾರಿಸತೊಡಗಿದಾಗ ಸರಕಿಗೆ ಪೂರ್ತಿ ಹೊರದೇಶವನ್ನೇ ನೆಚ್ಚಬೇಕಾದ ಸ್ಥಿತಿ ತಪ್ಪಿತು. ಆದರೂ ಇಂಥ ಕ್ಯಾಮೆರಾ ಇಟ್ಟುಕೊಂಡವರು ಮೇಷ್ಟ್ರು, ಡಾಕ್ಟರು, ವಕೀಲರಂಥ ಸಂಬಳ-ಸಂಪಾದನೆಯವರು. ಕೊಂಕಲ್‌ನಂಥ ಊರಿನವರಿಗೆ ಫೋಟೋ ಎಂದರೆ ಯಾದಗಿರಿಯದೋ ಗುರುಮಠಕಲ್ಲಿನದೋ ಸ್ಟುಡಿಯೋ, ಇಲ್ಲವೇ ಜಾತ್ರೆಯಲ್ಲಿ ಬಣ್ಣದ ಪರದೆಯ ಮುಂದೆ ಉಸಿರು ಹಿಡಿದು ನಿಂತ ಗಳಿಗೆ. ಮದುವೆಯದೊಂದು, ಮಗುವಿನದೊಂದು, ಹಿರಿಯರು ತೀರಿಕೊಳ್ಳುವ ಮುಂಚಿನದೊಂದು. ಎಷ್ಟೋ ಮನೆಗಳ ಗೋಡೆಯಲ್ಲಿ ಇಡೀ ಒಂದು ತಲೆಮಾರು ಇಷ್ಟರಲ್ಲೇ ಮುಗಿಯುತ್ತಿತ್ತು.

1993ರಲ್ಲಿ ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ ಭಾವಚಿತ್ರವಿರುವ ಮತದಾರರ ಗುರುತಿನ ಚೀಟಿ ಬಂತು. ಮುಖದ ಫೋಟೋ ಆಗ ಪ್ರತಿಯೊಬ್ಬ ವಯಸ್ಕನಿಗೂ ಬೇಕಾದ ಕಾಗದವಾಯಿತು. ಅದೇ ದಶಕದಲ್ಲಿ 35 ಮಿಲಿಮೀಟರ್ ಬಣ್ಣದ ರೀಲು ಎಲ್ಲೆಡೆ ಹಬ್ಬಿತು. ಯಾಶಿಕಾ ಎಂಎಫ್-2, ಕೊಡಕ್ ಕೆಬಿ-10ರಂಥ ಸರಳ ಕ್ಯಾಮೆರಾಗಳು ಕೆಲವು ಮನೆಗಳಿಗೂ ಬಂದವು. ಆದರೆ ರೀಲಿನ ಕ್ಯಾಮೆರಾ ಪರೀಕ್ಷಿಸುವುದೇ ಖರ್ಚಿನ ಬಾಬತ್ತು. ಮೂವತ್ತಾರು ಫೋಟೋದ ರೀಲು ಕೊಳ್ಳಬೇಕು, ಅದು ಮುಗಿಯುವವರೆಗೆ ಕಾಯಬೇಕು, ತೊಳೆಯಲು ದೊಡ್ಡ ಊರಿನ ಲ್ಯಾಬಿಗೆ ಕಳಿಸಬೇಕು. ಹಿಂದಿನ ಮುಚ್ಚಳದ ಸಂದಿನಿಂದ ಬೆಳಕು ಒಳನುಗ್ಗುತ್ತಿದೆಯೇ, ರೀಲು ಹಲ್ಲಿಗೆ ಸರಿಯಾಗಿ ಕಚ್ಚಿಕೊಂಡಿತ್ತೇ ಎಂಬುದು ಗೊತ್ತಾಗುವ ಹೊತ್ತಿಗೆ ಮದುವೆಯೇ ಮುಗಿದಿರುತ್ತಿತ್ತು. ಲ್ಯಾಬಿನ ಬಣ್ಣದ ಲೆಕ್ಕವೂ ಬಹುಕಾಲ ಬಿಳಿಯರ ಚರ್ಮಕ್ಕೆ ಹೊಂದಿಸಿದ್ದೇ ಆಗಿತ್ತು. ಬಣ್ಣ ಸರಿಯಿದೆಯೇ ಎಂದು ನೋಡಲು ಕೊಡಕ್ ಕಳಿಸುತ್ತಿದ್ದ ಮಾದರಿ ಕಾರ್ಡುಗಳಲ್ಲಿ ದಶಕಗಳ ಕಾಲ ಬಿಳಿಯ ಹೆಂಗಸರ ಚಿತ್ರವೇ ಇರುತ್ತಿತ್ತು. ಕಪ್ಪು ಮೈಬಣ್ಣದ ಜನರ ಫೋಟೋ ಮಸಿ ಬಳಿದಂತೆ ಬಂದರೆ ತಪ್ಪು ಅವರ ಮುಖದ್ದಲ್ಲ ಎಂಬುದನ್ನು ಆಗಲೇ ಯಾರಾದರೂ ಜೋರಾಗಿ ಹೇಳಬೇಕಿತ್ತು.

ಡಿಜಿಟಲ್ ಕ್ಯಾಮೆರಾದ ಮೊದಲ ಮಾದರಿಯನ್ನು 1975ರಲ್ಲಿ ಕೊಡಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮಾಡಿದರು. ಅದರ ಚಿತ್ರದಲ್ಲಿದ್ದದ್ದು ಬರೀ ಹತ್ತು ಸಾವಿರ ಚುಕ್ಕೆ. ಅದನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು ಹಿಡಿಯುತ್ತಿತ್ತು. ಹಿಂಬದಿಯ ಪರದೆಯಲ್ಲಿ ಚಿತ್ರ ತೋರಿಸುವ ಕ್ಯಾಸಿಯೋ ಕ್ಯೂವಿ-10 ಬಂದದ್ದು 1995ರಲ್ಲಿ. 2003ರ ಕ್ಯಾನನ್ 300ಡಿ, 63 ಲಕ್ಷ ಚುಕ್ಕೆಯ ಕ್ಯಾಮೆರಾ, ಲೆನ್ಸ್ ಬದಲಿಸುವ ಡಿಜಿಟಲ್ ಕ್ಯಾಮೆರಾವನ್ನು ಸಣ್ಣ ಸ್ಟುಡಿಯೋಗಳೂ ಯೋಚಿಸಬಹುದಾದ ಬೆಲೆಗೆ ಇಳಿಸಿತು. ಸ್ಟುಡಿಯೋಗಳು ಮೊದಲು ಬದಲಾದವು, ಮನೆಗಳು ಆಮೇಲೆ. ಆ ದಶಕ ಮುಗಿಯುವ ಹೊತ್ತಿಗೆ ಅಂಗೈಯಗಲದ ಡಿಜಿಟಲ್ ಕ್ಯಾಮೆರಾ ಮೊಬೈಲ್ ಅಂಗಡಿ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಗಾಜಿನ ಕಪಾಟಿಗೆ ಬಂದಿತ್ತು.

ಕಪಾಟಿನ ಮುಂದೆ ನಿಂತವರ ಮೊದಲ ಪ್ರಶ್ನೆ ಒಂದೇ: ಎಷ್ಟು ಮೆಗಾಪಿಕ್ಸೆಲ್? ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾದ ಅಂಕಿ ಅದೇ, ಚಿತ್ರದ ಚುಕ್ಕೆಗಳನ್ನು ಹತ್ತು ಲಕ್ಷದ ಲೆಕ್ಕದಲ್ಲಿ ಹೇಳುವ ಅಂಕಿ. ಅದರ ಅಗತ್ಯವನ್ನು ಲೆಕ್ಕ ಹಾಕಿ ನೋಡಬಹುದು. ಆಲ್ಬಮ್ಮಿನ 4x6 ಇಂಚಿನ ಫೋಟೋವನ್ನು ಇಂಚಿಗೆ 300 ಚುಕ್ಕೆಯಂತೆ ಅಚ್ಚು ಹಾಕಲು 1800x1200, ಅಂದರೆ 21 ಲಕ್ಷ 60 ಸಾವಿರ ಚುಕ್ಕೆ ಸಾಕು. ಮದುವೆ ಆಲ್ಬಮ್ಮಿನ 12x18 ಇಂಚಿನ ಹಾಳೆಗೆ ಇಂಚಿಗೆ 200ರಂತೆ 86 ಲಕ್ಷ ಬೇಕು. ಮನೆಬಳಕೆಗೆ ಐದಾರು ಮೆಗಾಪಿಕ್ಸೆಲ್ ಧಾರಾಳವಾಗಿತ್ತು. ಅದಕ್ಕಿಂತ ಹೆಚ್ಚಿನದನ್ನು, ಬೆಳಕು ಹಿಡಿಯುವ ಅಷ್ಟೇ ಪುಟ್ಟ ಸೆನ್ಸರಿನಲ್ಲಿ ತುರುಕಿದಾಗ ಪ್ರತಿ ಚುಕ್ಕೆಗೂ ಸಿಗುವ ಬೆಳಕು ಕಡಿಮೆಯಾಗಿ, ದೀಪದ ಬೆಳಕಿನ ಫೋಟೋದಲ್ಲಿ ಬಣ್ಣದ ಕಾಳು ಏಳುತ್ತಿದ್ದವು. ಇಂಥ ಬಹುಪಾಲು ಕ್ಯಾಮೆರಾಗಳ ಸೆನ್ಸರು ಸುಮಾರು 5.8x4.3 ಮಿಲಿಮೀಟರ್, ಹಳೆಯ ರೀಲಿನ ಒಂದು ಚಿತ್ರದ ಮೂವತ್ತೈದನೆಯ ಒಂದು ಪಾಲು. ಈ ಅಳತೆ ಡಬ್ಬಿಯ ಮೇಲೆ ಎದ್ದು ಕಾಣುತ್ತಿರಲಿಲ್ಲ. ಝೂಮಿನ ಕಥೆಯೂ ಅಷ್ಟೇ. ಲೆನ್ಸು ಸರಿದು ಹತ್ತಿರ ತರುವ ಆಪ್ಟಿಕಲ್ ಝೂಮ್ ನಿಜವಾದದ್ದು. ಇದ್ದ ಚಿತ್ರವನ್ನೇ ಹಿಗ್ಗಿಸುವ ಡಿಜಿಟಲ್ ಝೂಮ್ ಅಂಗಡಿಯ ಪರದೆಯ ಮೇಲೆ ಮಾತ್ರ ಚೆಂದ.

ಈ ಸೀಮೆಯಲ್ಲಿ ಕ್ಯಾಮೆರಾ ಆರಿಸುವಾಗ ಬ್ಯಾಟರಿಯ ಪ್ರಶ್ನೆ ಮೆಗಾಪಿಕ್ಸೆಲ್ಲಿಗಿಂತ ದೊಡ್ಡದಾಗಿತ್ತು. ಕರೆಂಟು ಹೋಗಿ ಬರುವ ಊರಿನಲ್ಲಿ ಚಾರ್ಜರ್ ನೆಚ್ಚಿದ ಲಿಥಿಯಂ ಬ್ಯಾಟರಿಗಿಂತ ಡಬಲ್ ಎ ಸೆಲ್ಲಿನ ಕ್ಯಾಮೆರಾ ಭರವಸೆಯದ್ದಾಗಿತ್ತು. ಸೆಲ್ಲು ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ಲು ಕ್ಯಾಮೆರಾದಲ್ಲಿ ಹತ್ತಾರು ಫೋಟೋಕ್ಕೇ ಸೋಲುತ್ತದೆ, ಏಕೆಂದರೆ ಫ್ಲ್ಯಾಶು ಒಮ್ಮೆಲೇ ಎಳೆಯುವ ವಿದ್ಯುತ್ತನ್ನು ಅದು ಕೊಡಲಾರದು. ಚಾರ್ಜ್ ಆಗುವ ನಿಕ್ಕಲ್ ಸೆಲ್ಲುಗಳ ಎರಡು ಜೊತೆಯ ಬೆಲೆಯನ್ನು ಕ್ಯಾಮೆರಾದ ಬೆಲೆಗೇ ಸೇರಿಸಿ ಲೆಕ್ಕ ಹಾಕಬೇಕಿತ್ತು. ಫೋಟೋ ಕೂಡಿಡುವ ಕಾರ್ಡಿನದು ಇನ್ನೊಂದು ತೊಡಕು. ಫ್ಯೂಜಿ, ಒಲಿಂಪಸ್ ಕ್ಯಾಮೆರಾಗಳಿಗೆ ಎಕ್ಸ್‌ಡಿ ಕಾರ್ಡು, ಸೋನಿಗೆ ಮೆಮೊರಿ ಸ್ಟಿಕ್. ಇವು ಸಣ್ಣ ಊರಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವಂಥವಾಗಿರಲಿಲ್ಲ. ಎಸ್‌ಡಿ ಕಾರ್ಡಿನ ಕ್ಯಾಮೆರಾ ಕೊಂಡವರು ಜಾಣರು. 2006ರಲ್ಲಿ ಎರಡು ಜಿಬಿಗಿಂತ ದೊಡ್ಡ ಹೊಸ ಬಗೆಯ ಎಸ್‌ಡಿ ಕಾರ್ಡು ಬಂದಾಗ ಹಳೆಯ ಕ್ಯಾಮೆರಾಗಳು ಅದನ್ನು ಓದಲು ನಿರಾಕರಿಸಿದ್ದೂ ಉಂಟು.

ಪರೀಕ್ಷೆಯ ಕ್ರಮ ಮಾತ್ರ ನಿಜಕ್ಕೂ ಎಲ್ಲರದಾಯಿತು. ಫೋಟೋ ಹೊಡೆದು ಅಳಿಸಲು ಪೈಸೆ ಖರ್ಚಿಲ್ಲ. ಎಲ್ಲಕ್ಕಿಂತ ಸುಲಭದ್ದು ದಿನಪತ್ರಿಕೆಯ ಪರೀಕ್ಷೆ: ಹಾಳೆಯನ್ನು ಗೋಡೆಗೆ ಮಟ್ಟಸವಾಗಿ ಅಂಟಿಸಿ, ಕ್ಯಾಮೆರಾವನ್ನು ಅದರ ಎದುರು ನೇರವಾಗಿ ಸ್ಟೂಲಿನ ಮೇಲಿಟ್ಟು, ಕೈ ತಾಗದಂತೆ ಟೈಮರಿನಿಂದ ಫೋಟೋ ತೆಗೆಯುವುದು. ಪರದೆಯಲ್ಲಿ ಹಿಗ್ಗಿಸಿ ನೋಡಿದಾಗ ಹಾಳೆಯ ನಡುವಿನ ಅಕ್ಷರಗಳೂ ನಾಲ್ಕು ಮೂಲೆಯ ಅಕ್ಷರಗಳೂ ಒಂದೇ ಸಮ ಸ್ಪಷ್ಟವಿರಬೇಕು. ಕನ್ನಡ ಪತ್ರಿಕೆ ಇದಕ್ಕೆ ತುಂಬ ಒಳ್ಳೆಯ ಸಾಧನ. ಮೂಲೆಯಲ್ಲಿ ಒತ್ತಕ್ಷರಗಳ ಸಣ್ಣ ಸುರುಳಿಗಳು ಕಲಸಿಹೋಗಿದ್ದರೆ ಲೆನ್ಸು ಬಡವ. ಒಂದೇ ಪಕ್ಕ ಮಾತ್ರ ಕಲಸಿದ್ದರೆ ಲೆನ್ಸು ಓರೆಯಾಗಿ ಕೂತಿದೆ, ಆ ಕ್ಯಾಮೆರಾ ವಾಪಸು ಕೊಡಬೇಕು. ಲೆನ್ಸಿಗೆ ಕರಿಬಟ್ಟೆ ಮುಚ್ಚಿ ಹೊಡೆದ ಚಿತ್ರದಲ್ಲಿ ಕೆಂಪು, ನೀಲಿ ಚುಕ್ಕೆ ಮಿನುಗಿದರೆ ಸೆನ್ಸರಿನಲ್ಲಿ ಕೆಟ್ಟ ಪಿಕ್ಸೆಲ್‌ಗಳಿವೆ. ಸೆಕೆಂಡು ಮುಳ್ಳಿರುವ ಗಡಿಯಾರದ ಮುಂದೆ, ಮುಳ್ಳು ಹನ್ನೆರಡಕ್ಕೆ ಬಂದಾಗ ಗುಂಡಿ ಒತ್ತಿದರೆ ಫೋಟೋದಲ್ಲಿ ಅದು ಎಲ್ಲಿರುತ್ತದೆ ಎಂಬುದು ಕ್ಯಾಮೆರಾ ಎಷ್ಟು ತಡ ಮಾಡುತ್ತದೆ ಎಂಬುದಕ್ಕೆ ಸಾಕ್ಷಿ. ಅಕ್ಕಿಕಾಳು ಬೀಳುವ ಗಳಿಗೆ ತಪ್ಪಿಸುವ ಕ್ಯಾಮೆರಾ ಮದುವೆಮನೆಗೆ ಆಗದು.

ಇವು ಎಲ್ಲಿಯಾದರೂ ಮಾಡಬಹುದಾದ ಪರೀಕ್ಷೆಗಳು. ಇಲ್ಲಿನ ನೆಲ, ಬಿಸಿಲು, ಜನ ಒಡ್ಡುವ ಪರೀಕ್ಷೆ ಬೇರೆ, ಹೆಚ್ಚು ಕಠಿಣ. ಕ್ಯಾಮೆರಾದ ಬೆಳಕಿನ ಮಾಪಕ ಎದುರಿನ ದೃಶ್ಯವೆಲ್ಲ ಸರಾಸರಿ ಬೂದುಬಣ್ಣದ್ದೆಂದು ನಂಬಿಕೊಂಡು ಕೆಲಸ ಮಾಡುತ್ತದೆ. ಎರೆಮಣ್ಣಿನ ಹೊಲದಲ್ಲಿ ಬಿಳಿ ಧೋತರ, ಬಿಳಿ ರುಮಾಲಿನ ಮುದುಕರೊಬ್ಬರು ನಿಂತರೆ ಆ ನಂಬಿಕೆ ಕೈಕೊಡುತ್ತದೆ. ಚೌಕಟ್ಟಿನ ತುಂಬ ಕರಿಮಣ್ಣಿದ್ದರೆ ಕ್ಯಾಮೆರಾ ಹೆಚ್ಚು ಬೆಳಕು ಬಿಟ್ಟುಕೊಂಡು ಧೋತರದ ನೆರಿಗೆಗಳೇ ಅಳಿಸಿಹೋಗುತ್ತವೆ. ಅವರೇ ಸುಣ್ಣದ ಗೋಡೆಯ ಮುಂದೆ ನಿಂತರೆ ಗೋಡೆ ಬೂದಿಯಾಗಿ, ಮುಖ ಕಪ್ಪಾಗಿ, ಕಣ್ಣು ಕಾಣದಂತಾಗುತ್ತದೆ. ಹಾಗಾಗಿ ಬೆಳಕನ್ನು ಒಂದು ಹಂತ ಏರಿಸುವ, ಇಳಿಸುವ ಪ್ಲಸ್-ಮೈನಸ್ ಗುಂಡಿ ಇರುವುದೇ ಇಲ್ಲಿ ಕೊಳ್ಳತಕ್ಕ ಕ್ಯಾಮೆರಾ ಆಗಿತ್ತು. ರುಮಾಲಿನ ಮಡಿಕೆಯೂ ಕೆನ್ನೆಯ ಸುಕ್ಕೂ ಒಂದೇ ಫೋಟೋದಲ್ಲಿ ಉಳಿದರೆ ಅದು ಗೆದ್ದಂತೆ. ಅರಿಶಿನದ ಶಾಸ್ತ್ರದ ದಿನ ಟ್ಯೂಬ್‌ಲೈಟಿನ ಕೆಳಗೆ ಮದುಮಗಳ ಮುಖ ಹಸಿರುಗಟ್ಟದೆ ಬರುತ್ತದೆಯೇ ಎಂಬುದು ಬಣ್ಣದ ಪರೀಕ್ಷೆ. ಚಿಕ್ಕ ಫ್ಲ್ಯಾಶಿನ ಬೆಳಕು ಸುಮಾರು ಮೂರು ಮೀಟರಿನ ಆಚೆ ಹೋಗದು. ರಾತ್ರಿಯ ಮೆರವಣಿಗೆಯಲ್ಲಿ ಮುಂದಿನ ಸಾಲು ಬಿಟ್ಟು ಮಿಕ್ಕವರೆಲ್ಲ ಕತ್ತಲು.

ದೂರದ ನೋಟಕ್ಕೆ ಶಹಾಪುರದ ಬೆಟ್ಟಸಾಲಿದೆ, ಮಲಗಿದ ಬುದ್ಧನಂತೆ ಕಾಣುವ ಆ ಸಾಲು. ಬೇಸಿಗೆಯ ಮಧ್ಯಾಹ್ನ ಬಿಸಿಗಾಳಿಯ ಅಲೆಯಲ್ಲಿ ಎಂಥ ಕ್ಯಾಮೆರಾದಲ್ಲೂ ಅದರ ಅಂಚು ನಡುಗುತ್ತದೆ. ಆದ್ದರಿಂದ ಲೆನ್ಸಿನ ಯೋಗ್ಯತೆ ನೋಡುವವರು ಬೆಳಗಿನ ಹೊತ್ತು ಹೋಗಬೇಕು. ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮದಲ್ಲಿ ಮೂರು ಪಟ್ಟಿನ ಝೂಮಿಗೆ ಹಕ್ಕಿ ಚುಕ್ಕೆಯಷ್ಟೇ. ಅಲ್ಲಿಗೆ ಉದ್ದ ಝೂಮಿನ ಕ್ಯಾಮೆರಾ ಬೇಕು. ಇನ್ನು ಧೂಳು. ಹತ್ತಿ, ತೊಗರಿ ಸಾಗುವ ದಾರಿಯ ಸಣ್ಣ ಧೂಳು ಹೊರಚಾಚುವ ಲೆನ್ಸಿನ ಸಂದಿಗೆ ಸೇರಿ, ಲೆನ್ಸು ಅರ್ಧಕ್ಕೇ ಸಿಕ್ಕಿಕೊಂಡು, ಪರದೆಯ ಮೇಲೆ ಲೆನ್ಸ್ ಎರರ್ ಎಂದು ತೋರಿಸುವುದು ಈ ಕ್ಯಾಮೆರಾಗಳ ಸಾಮಾನ್ಯ ಮರಣವಾಗಿತ್ತು. ರಿಪೇರಿಯ ಖರ್ಚು ಕ್ಯಾಮೆರಾದ ಬೆಲೆಯ ಹತ್ತಿರಕ್ಕೇ ಬರುತ್ತಿದ್ದುದರಿಂದ ಅದು ಅಲ್ಮೇರಾ ಸೇರುತ್ತಿತ್ತು.

ಯಾದಗಿರಿ 2009-10ರಲ್ಲಿ ಗುಲಬರ್ಗಾದಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾಯಿತು. ಜಗತ್ತಿನ ಕ್ಯಾಮೆರಾ ಮಾರಾಟ ತುದಿ ಮುಟ್ಟಿದ್ದೂ ಹೆಚ್ಚುಕಡಿಮೆ ಆಗಲೇ. ಜಪಾನಿನ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಹೊರಬಿದ್ದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2020ರಲ್ಲಿ 90 ಲಕ್ಷವೂ ಇಲ್ಲ. ನಡುವೆ ಬಂದದ್ದು ಸ್ಮಾರ್ಟ್‌ಫೋನ್. 2012ರಲ್ಲಿ ಕೊಡಕ್ ದಿವಾಳಿ ಅರ್ಜಿ ಹಾಕಿ ಕ್ಯಾಮೆರಾ ತಯಾರಿಕೆಯನ್ನೇ ನಿಲ್ಲಿಸಿತು. ಆಧಾರ್ ನೋಂದಣಿಯಲ್ಲಿ ಮುಖದ ಚಿತ್ರವನ್ನು ಕಂಪ್ಯೂಟರಿಗೆ ಜೋಡಿಸಿದ ವೆಬ್‌ಕ್ಯಾಮೆರಾ ತೆಗೆದುಕೊಂಡಿತು. ಉದ್ಯೋಗ ಖಾತ್ರಿಯ ಕಾಮಗಾರಿ, ವಸತಿ ಯೋಜನೆಯ ಮನೆಗಳಿಗೆ ಸ್ಥಳದ ಗುರುತಿನ ಸಮೇತ ಫೋಟೋ ಬೇಕಾದಾಗ ಆ ಕೆಲಸವೂ ಫೋನಿನದಾಯಿತು, ಏಕೆಂದರೆ ಅಗ್ಗದ ಕ್ಯಾಮೆರಾಗಳಲ್ಲಿ ಜಿಪಿಎಸ್ ಇರುತ್ತಿರಲಿಲ್ಲ. ಇಷ್ಟಾಗಿಯೂ ಡಿಜಿಟಲ್ ಕ್ಯಾಮೆರಾದ ಆ ಹತ್ತು-ಹನ್ನೆರಡು ವರ್ಷ ಜನ ಕಲಿತ ಪರೀಕ್ಷೆ ವ್ಯರ್ಥವಾಗಲಿಲ್ಲ. ಹೊಸ ಫೋನು ಕೊಳ್ಳುವವರು ಅಂಗಡಿಯಲ್ಲೇ ಫೋಟೋ ಹೊಡೆದು, ಹಿಗ್ಗಿಸಿ, ಮುಖದ ಬಣ್ಣ ನೋಡಿ ಬೆಲೆ ಮಾತಾಡುತ್ತಾರೆ.

ಕ್ಯಾಮೆರಾವನ್ನೇ ಕೊಳ್ಳುವವರು ಈಗ ಹೆಚ್ಚಾಗಿ ಮದುವೆ ಫೋಟೋ ಕೆಲಸಕ್ಕೆ ಇಳಿಯುವ ಹುಡುಗರು. ಅವರಿಗೆ ಕೈಗೆಟುಕುವುದು ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಲೆನ್ಸ್ ಬದಲಿಸುವ ಡಿಜಿಟಲ್ ಕ್ಯಾಮೆರಾ. ಅಲ್ಲಿ ಮೊದಲು ನೋಡಬೇಕಾದದ್ದು ಷಟರು ಎಷ್ಟು ಸಲ ಬಡಿದಿದೆ ಎಂಬ ಲೆಕ್ಕ. ಅನೇಕ ಮಾದರಿಗಳ ಷಟರಿಗೆ ಕಂಪನಿ ಹೇಳುವ ಆಯಸ್ಸು ಒಂದರಿಂದ ಒಂದೂವರೆ ಲಕ್ಷ. ಒಂದು ಮದುವೆಗೆ ಎರಡು-ಮೂರು ಸಾವಿರ ಫೋಟೋ ಹೊಡೆಯುವ ಕಾಲದಲ್ಲಿ ಆ ಆಯಸ್ಸು ಬೇಗ ಕರಗುತ್ತದೆ. ಲೆನ್ಸಿನ ಒಳಗೆ ಟಾರ್ಚು ಬಿಟ್ಟು ಬೂಷ್ಟು ಹಿಡಿದಿದೆಯೇ ಎಂದು ನೋಡಬೇಕು, ಲೆನ್ಸಿನ ರಂಧ್ರ ಕಿರಿದು ಮಾಡಿ ಬಿಳಿ ಗೋಡೆಯ ಫೋಟೋ ತೆಗೆದು ಸೆನ್ಸರಿನ ಧೂಳು ಹುಡುಕಬೇಕು, ಬ್ಯಾಟರಿ ಉಬ್ಬಿದೆಯೇ ಎಂದು ಕೈಯಾಡಿಸಬೇಕು. ಕಾರ್ಡು ಹಾಕುವ ಸಂದಿನ ಸೂಜಿಗಳಲ್ಲಿ ಒಂದು ಬಾಗಿದ್ದರೂ ಆ ಕ್ಯಾಮೆರಾಕ್ಕೆ ಮುಂಗಡ ಕೊಡಬಾರದು.