ಜೇನಿಲ್ಲದ ದ್ವೀಪದಲ್ಲಿ ವೆನಿಲ್ಲಾ

ವೆನಿಲ್ಲಾ ಹೂವು ಬೆಳಿಗ್ಗೆ ಅರಳಿ ಅಂದೇ ಬಾಡುತ್ತದೆ. ಆ ಕೆಲವೇ ಗಂಟೆಗಳಲ್ಲಿ ಪರಾಗಸ್ಪರ್ಶವಾಗದಿದ್ದರೆ ಕಾಯಿ ಕಚ್ಚುವುದಿಲ್ಲ. ಹೂವಿನೊಳಗೆ ಪರಾಗಕ್ಕೂ ಶಲಾಕಾಗ್ರಕ್ಕೂ ನಡುವೆ ತೆಳುವಾದ ಪರದೆಯೊಂದಿದೆ. ತನ್ನ ಪರಾಗ ತನಗೇ ತಾಗದಂತೆ ಅದು ತಡೆಯುತ್ತದೆ. ಆ ತಡೆಯನ್ನು ದಾಟಿ ಹೂವಿನಿಂದ ಹೂವಿಗೆ ಪರಾಗ ಒಯ್ಯಬಲ್ಲ ಜೇನುಗಳಿರುವುದು ಮೆಕ್ಸಿಕೊ ಮತ್ತು ಅದರ ಸುತ್ತಲಿನ ಕಾಡುಗಳಲ್ಲಿ. ಹೂವು ಕೀಟವನ್ನೂ ಕೀಟ ಹೂವನ್ನೂ ತಿದ್ದುತ್ತ, ಅಸಂಖ್ಯ ತಲೆಮಾರುಗಳಲ್ಲಿ ಬೆಳೆಯುವ ಇಂಥ ನಂಟನ್ನು ವಿಜ್ಞಾನಿಗಳು ಸಹವಿಕಾಸ ಎನ್ನುತ್ತಾರೆ.

ಮೆಕ್ಸಿಕೊದ ಟೊಟೊನಾಕ್ ಜನರಿಗೆ ವೆನಿಲ್ಲಾ ಹಳೆಯ ಬೆಳೆ. 16ನೇ ಶತಮಾನದಲ್ಲಿ ಸ್ಪೇನಿನವರು ಅದರ ರುಚಿಯನ್ನು ಯುರೋಪಿಗೆ ಒಯ್ದರು. ಮುಂದೆ ಬಳ್ಳಿಯೂ ಹಡಗು ಹತ್ತಿತು. ಜೇನು ಮಾತ್ರ ಹತ್ತಲಿಲ್ಲ. ಹೊಸ ನೆಲದಲ್ಲಿ ಬಳ್ಳಿ ಸೊಂಪಾಗಿ ಹಬ್ಬಿತು, ಹೂವನ್ನೂ ಬಿಟ್ಟಿತು, ಕಾಯಿ ಬಿಡಲಿಲ್ಲ. 1836ರಲ್ಲಿ ಬೆಲ್ಜಿಯಂನ ಸಸ್ಯವಿಜ್ಞಾನಿ ಚಾರ್ಲ್ಸ್ ಮೊರೆನ್ ಕೈಯಿಂದ ಪರಾಗಸ್ಪರ್ಶ ಮಾಡಿಸಿ ಕಾಯಿ ಪಡೆದರೂ ಆ ವಿಧಾನ ತೋಟಗಳಿಗೆ ಒಗ್ಗಲಿಲ್ಲ.

ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪ ಆಗ ಫ್ರೆಂಚರ ವಸಾಹತು. ಅಲ್ಲಿ ಬೆಲ್ಲಿಯೆ ಬೋಮಾಂಟ್ ಎಂಬ ಜಮೀನುದಾರನ ತೋಟದಲ್ಲಿ ಬಂಜೆಯಂತಿದ್ದ ಒಂದು ವೆನಿಲ್ಲಾ ಬಳ್ಳಿ 1841ರಲ್ಲಿ ಕಾಯಿ ಬಿಟ್ಟಿತು. ಕಾಯಿ ಕಟ್ಟಿಸಿದವನು ಎಡ್ಮಂಡ್ ಎಂಬ 12 ವರ್ಷದ ಗುಲಾಮ ಹುಡುಗ. ಕುಂಬಳ ಜಾತಿಯ ಬಳ್ಳಿಗೆ ಕೈಯಿಂದ ಪರಾಗ ಮುಟ್ಟಿಸುವುದನ್ನು ಅವನು ಒಡೆಯನಿಂದ ಕಲಿತಿದ್ದ. ಈಗ ವೆನಿಲ್ಲಾ ಹೂವಿನ ಪರದೆಯನ್ನು ಸಣ್ಣ ಕಡ್ಡಿಯಿಂದ ಎತ್ತಿ, ಪರಾಗವನ್ನು ಹೆಬ್ಬೆರಳಿನಿಂದ ಒತ್ತಿದ್ದ. ಅಷ್ಟೇ. ಆರ್ಕಿಡ್‌ಗಳಿಗೂ ಕೀಟಗಳಿಗೂ ಇರುವ ನಂಟಿನ ಬಗ್ಗೆ ಡಾರ್ವಿನ್ನನ ಪುಸ್ತಕ ಹೊರಬರಲು ಆಗಿನ್ನೂ 21 ವರ್ಷವಿತ್ತು.

ಹುಡುಗನನ್ನು ತೋಟದಿಂದ ತೋಟಕ್ಕೆ ಕರೆದೊಯ್ದು ಇತರರಿಗೆ ಕಲಿಸಲಾಯಿತು. ರಿಯೂನಿಯನ್ ವೆನಿಲ್ಲಾ ದ್ವೀಪವಾಯಿತು, ವಿದ್ಯೆ ಮಡಗಾಸ್ಕರಿಗೂ ದಾಟಿತು. 1848ರಲ್ಲಿ ಗುಲಾಮಗಿರಿ ರದ್ದಾದಾಗ ಎಡ್ಮಂಡನಿಗೆ ಸಿಕ್ಕಿದ್ದು ಬಿಡುಗಡೆ ಮತ್ತು ಆಲ್ಬಿಯಸ್ ಎಂಬ ಕುಲನಾಮ. ಬೆಳೆಯ ಲಾಭದಲ್ಲಿ ಪಾಲಿರಲಿಲ್ಲ. ಕಳ್ಳತನದ ಆರೋಪದಲ್ಲಿ ಸೆರೆವಾಸವನ್ನೂ ಕಂಡ. ಈ ವಿಧಾನವನ್ನು ಅವನಿಗೆ ಹೇಳಿಕೊಟ್ಟವನು ತಾನೇ ಎಂದು ಸಸ್ಯವಿಜ್ಞಾನಿ ರಿಚರ್ಡ್ ಹಕ್ಕು ಸಾಧಿಸಿದಾಗ, ಶೋಧ ಎಡ್ಮಂಡನದೇ ಎಂದು ಪತ್ರ ಬರೆದು ಸಾಕ್ಷಿ ನುಡಿದವನು ಹಳೆಯ ಒಡೆಯ. 1880ರಲ್ಲಿ ಎಡ್ಮಂಡ್ ಬಡತನದಲ್ಲೇ ತೀರಿಕೊಂಡ.

ನಮ್ಮ ಮಲೆನಾಡಿನ ಅಡಿಕೆ ತೋಟಗಳಲ್ಲೂ ವೆನಿಲ್ಲಾ ಬೆಳೆದವರು ಹೂವಿನ ಕಾಲದಲ್ಲಿ ಬೆಳಿಗ್ಗೆಯೇ ಕಡ್ಡಿ ಹಿಡಿದು ಬಳ್ಳಿಗಳ ನಡುವೆ ನಡೆಯುತ್ತಾರೆ. ಒಂದೊಂದೇ ಹೂವಿನ ಪರದೆ ಎತ್ತಿ, ಹೆಬ್ಬೆರಳಿನಿಂದ ಒತ್ತುತ್ತಾರೆ. ಮೆಕ್ಸಿಕೊದ ಜೇನಿನ ಕೆಲಸವನ್ನು ಆ ಹುಡುಗ ತೋರಿಸಿದ ರೀತಿಯಲ್ಲೇ ಮನುಷ್ಯರ ಕೈ ಇನ್ನೂ ಮಾಡುತ್ತಿದೆ.